ಕಲಬುರಗಿಯಿಂದ ಕಮಲಾಪುರಕ್ಕೆ: ಹೆಸರಿಲ್ಲದ ರೂಪಗಳನ್ನು ನೋಡುವ ಪ್ರವಾಸ

ನಮ್ಮ ಗೃಹಸ್ಥರು ಪ್ರವಾಸಕ್ಕೆ ಹೊರಡುವದು ಸಾಮಾನ್ಯವಾಗಿ ಮೂರು ಕಾರಣಗಳಿಂದ: ದೇವರ ದರ್ಶನ, ಆಪ್ತೇಷ್ಟರ ಭೇಟಿ, ಹವೆಯ ಬದಲಾವಣೆ. ಕಲಬುರಗಿಗೆ ಹೋಗುವವರಲ್ಲಿ ಬಹುಜನರು ಮೊದಲನೆಯ ಕಾರಣದಿಂದಲೇ ಹೋಗುತ್ತಾರೆ. ಶರಣಬಸವೇಶ್ವರರ ಗುಡಿ, ಖ್ವಾಜಾ ಬಂದೇನವಾಜರ ದರ್ಗಾ, ಇವೆರಡೂ ಒಂದೇ ಊರಿನಲ್ಲಿರುವದರಿಂದ ಅಲ್ಲಿ ವರ್ಷದುದ್ದಕ್ಕೂ ಯಾತ್ರಿಕರ ಸಂದಣಿ ತಪ್ಪುವದಿಲ್ಲ. ಇನ್ನು ಕೆಲವರು ತೊಗರಿಯ ವ್ಯಾಪಾರಕ್ಕಾಗಿ ಹೋಗುವರು. ಮತ್ತೆ ಕೆಲವರು ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಲು ಹೋಗುವರು. ಆದರೆ ಕಣ್ಣಿಗೆ ಶಿಕ್ಷಣ ಕೊಡುವ ಸಲುವಾಗಿ ಕಲಬುರಗಿಗೆ ಹೋಗಿಬಂದೆವೆಂದು ಹೇಳುವವರು ವಿರಳ. ಆ ಉದ್ದೇಶದಿಂದಲೂ ಆ ಊರಿಗೆ ಹೋಗಬಹುದೆಂಬದನ್ನೂ, ಅಲ್ಲಿಂದ ಒಂದು ತಾಸಿನ ಹಾದಿಯಲ್ಲಿರುವ ಕಮಲಾಪುರವನ್ನು ಕಂಡು ಮರಳಿದರೆ ಆ ಶಿಕ್ಷಣವು ಪೂರ್ತಿಯಾಗುವದೆಂಬದನ್ನೂ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಹೀಗೆ ಹೇಳಲು ಕಾರಣವುಂಟು. ಈಗಿನ ದೊಡ್ಡ ನಗರಗಳ ವಸ್ತುಸಂಗ್ರಹಾಲಯಗಳಲ್ಲಿಯೂ ಕಲಾಶಾಲೆಗಳಲ್ಲಿಯೂ ನವೀನ ಶಿಲ್ಪಿಗಳ ಪ್ರದರ್ಶನಗಳು ಆಗಾಗ್ಗೆ ನಡೆಯುತ್ತವೆ. ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವು ತೆರೆದ ಮೇಲೆ ಕನ್ನಡನಾಡಿನ ಗೃಹಸ್ಥರಿಗೂ ಇಂಥ ಪ್ರದರ್ಶನಗಳು ದೂರದ ಮಾತಾಗಿ ಉಳಿದಿಲ್ಲ. ಅಂಥ ಕಡೆ ಒಮ್ಮೊಮ್ಮೆ ಮರದ ಶಿಲ್ಪಗಳು ಕಾಣಿಸುತ್ತವೆ. ಅವು ದೇವರ ಮೂರ್ತಿಗಳಲ್ಲ, ಮನುಷ್ಯರ ಪ್ರತಿಮೆಗಳಲ್ಲ, ಪ್ರಾಣಿಪಕ್ಷಿಗಳೂ ಅಲ್ಲ. ಮರವನ್ನು ಬಾಗಿಸಿ, ಕೊರೆದು, ತುಂಡುತುಂಡಾಗಿ ಜೋಡಿಸಿ, ಅದಕ್ಕೆ ಕೆಂಪು, ಹಳದಿ, ನೀಲಿ ಬಣ್ಣಗಳನ್ನು ಬಳಿದು ನಿಲ್ಲಿಸಿರುತ್ತಾರೆ. ನೋಡಲು ಬಂದ ತಂದೆಯು ಗೋಡೆಯ ಮೇಲಿನ ಚೀಟಿಯನ್ನು ಓದಿ ಸುಮ್ಮನಾಗುವನು. ಮಗುವು ಮಾತ್ರ ಸುಮ್ಮನಿರುವದಿಲ್ಲ; “ಅಪ್ಪಾ, ಇದು ಏನು?” ಎಂದು ಕೇಳಿಯೇ ಕೇಳುವದು. ತಂದೆಯ ಹತ್ತಿರ ಉತ್ತರವಿಲ್ಲ. ಉತ್ತರವಿಲ್ಲದ ಸಂಕೋಚವು ಬಲುಬೇಗ ಬೇಸರವಾಗಿಯೂ, ಬೇಸರವು ತಿರಸ್ಕಾರವಾಗಿಯೂ ಮಾರ್ಪಡುವದು. “ಇದೆಲ್ಲ ಪರದೇಶದ ಹುಚ್ಚು, ನಮಗೆ ಸಂಬಂಧವಿಲ್ಲ” ಎಂದು ಹೇಳಿ ಕುಟುಂಬವು ಹೊರಗೆ ಬಂದುಬಿಡುತ್ತದೆ.

ಈ ಮಾತು ಸರಿಯೇ? ಹೆಸರಿಲ್ಲದ ರೂಪವೂ, ಬಣ್ಣ ಬಳಿದ ಮರವೂ ನಮಗೆ ನಿಜವಾಗಿ ಪರಕೀಯವೇ? ಇದನ್ನು ತೂಗಿನೋಡಲು ಕಲಬುರಗಿಯಷ್ಟು ತಕ್ಕ ಸ್ಥಳವು ಬೇರೊಂದಿಲ್ಲ.

ಮುಂಬಯಿಯಿಂದ ಸೋಲಾಪುರದ ಮೇಲೆ ವಾಡಿಯ ಕಡೆಗೆ ಹೋಗುವ ರೈಲು ಕಲಬುರಗಿಯ ಮೇಲೆಯೇ ಹಾದುಹೋಗುವದು. 2019ರಿಂದ ವಿಮಾನ ನಿಲ್ದಾಣವೂ ಆಗಿದೆ. ಊರಿಗೆ ಬಂದಿಳಿದವರು ಮೊದಲು ಕೋಟೆಯ ಕಡೆಗೆ ನಡೆಯಬೇಕು. 1347ರಲ್ಲಿ ಬಹಮನೀ ರಾಜ್ಯವು ಸ್ಥಾಪಿತವಾದಾಗ ಈ ಊರೇ ಅದರ ರಾಜಧಾನಿ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯು ಬೀದರಕ್ಕೆ ಹೋದ ಮೇಲೆ ಕೋಟೆಯೊಳಗಿನ ಅರಮನೆಗಳು ಹಾಳಾದವು. ಆದರೆ ಒಳಗಿನ ಜಾಮೀ ಮಸೀದಿಯು ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಲ್ಲಿಯ ಶಾಸನದಲ್ಲಿ 1367ರ ಕಾಲವೂ, ಕಜ್ವೀನದ ಮನೆತನದ ರಫೀ ಎಂಬ ನಿರ್ಮಾಪಕನ ಹೆಸರೂ ಇವೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲವಾದ ಈ ಕಟ್ಟಡದ ವಿಶೇಷವೆಂದರೆ, ಬೇರೆ ಮಸೀದಿಗಳಲ್ಲಿ ಇರುವಂತೆ ಇದರ ನಡುವೆ ಬಯಲು ಅಂಗಳವಿಲ್ಲ. ಇಡಿಯ ನೆಲವೇ ಗುಮ್ಮಟಗಳಿಂದಲೂ ಕಮಾನುಗಳಿಂದಲೂ ಮುಚ್ಚಲ್ಪಟ್ಟಿದೆ.

ಒಳಗೆ ನಿಂತು ನೋಡಿದರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಸುತ್ತಲಿನ ಓಣಿಗಳಲ್ಲಿ ಅಗಲವಾದ ಕಮಾನುಗಳು ನೆಲಕ್ಕೆ ಹತ್ತಿರದಿಂದಲೇ ಹೊರಟು ಬಾಗಿಕೊಂಡು ನಿಂತಿವೆ. ನಡುವಿನ ಅಂಕಣಗಳಲ್ಲಿ ಅವು ಕಿರಿದಾಗಿ ಮೇಲೇರುವವು. ಗೋಡೆಗಳ ಮೇಲೆ ಚಿತ್ರವಿಲ್ಲ, ಪ್ರತಿಮೆಯಿಲ್ಲ, ಬಣ್ಣದ ವೈಭವವೂ ಇಲ್ಲ. ಬಿಳಿಯ ಗಾರೆ, ಬೆಳಕು, ನೆರಳು, ಅಳತೆ, ಇಷ್ಟೇ. ಆದರೂ ಅಲ್ಲಿ ಹತ್ತು ನಿಮಿಷ ನಿಂತವನ ಮನಸ್ಸು ತನ್ನಷ್ಟಕ್ಕೆ ತಾನೇ ಶಾಂತವಾಗುವದು. “ಈ ಕಮಾನು ಯಾವದರ ಚಿತ್ರ?” ಎಂದು ಯಾರೂ ಅಲ್ಲಿ ಕೇಳುವದಿಲ್ಲ. ಕಮಾನು ಕಮಾನೇ. ಅದರ ಬಾಗು, ಅದರ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ, ಒಂದರ ಪಕ್ಕದಲ್ಲಿ ಇನ್ನೊಂದು ನಿಂತಾಗ ಹುಟ್ಟುವ ಲಯ, ಇವೇ ಅದರ ಅರ್ಥ. ಹೆಸರಿಲ್ಲದ ರೂಪದಿಂದ ಸಂತೋಷಪಡುವ ಶಕ್ತಿಯು ನಮ್ಮ ಕಣ್ಣಿಗೆ ಮೊದಲಿನಿಂದಲೂ ಇದೆಯೆಂಬದಕ್ಕೆ ಇದು ಮೊದಲನೆಯ ಸಾಕ್ಷಿ.

ಎರಡನೆಯ ಸಾಕ್ಷಿಯು ಊರಿನ ಪೂರ್ವಭಾಗದಲ್ಲಿರುವ ಹಫ್ತ ಗುಮ್ಮಟದಲ್ಲಿ ದೊರೆಯುವದು. ಇವು ಬಹಮನೀ ಸುಲ್ತಾನರ ಸಮಾಧಿಗಳು. ಇವುಗಳಲ್ಲಿ ದೊಡ್ಡದು 1397ರಿಂದ 1422ರ ವರೆಗೆ ಆಳಿದ ಫಿರೋಜ ಶಹನದು. ಎರಡು ಗುಮ್ಮಟಗಳು ಜೋಡಿಯಾಗಿ ನಿಂತಿವೆ. ಒಳಗಿನ ಗಾರೆಯ ಕೆಲಸದಲ್ಲಿ ಬಳ್ಳಿಯೂ, ನಕ್ಷತ್ರವೂ, ಚಕ್ರವೂ ಒಂದರೊಳಗೊಂದು ಹೆಣೆದುಕೊಂಡಿವೆ. ಎಲ್ಲಿ ಬಳ್ಳಿಯು ಮುಗಿದು ಬರಿಯ ರೇಖೆಯು ಪ್ರಾರಂಭವಾಯಿತೆಂದು ಹೇಳುವದು ಕಠಿಣ. ನಮ್ಮ ಹೆಣ್ಣುಮಕ್ಕಳು ಮುಂಜಾನೆ ಬಾಗಿಲ ಮುಂದೆ ಹಾಕುವ ರಂಗೋಲಿಯ ಚುಕ್ಕೆ-ಎಳೆಗಳಲ್ಲಿಯೂ ಇದೇ ಬುದ್ಧಿಯು ಕೆಲಸ ಮಾಡುತ್ತದೆ. ಶಿವಶರಣರ ಈ ನಾಡಿನಲ್ಲಿ ಮನೆಮನೆಯ ಪೂಜೆಯ ಇಷ್ಟಲಿಂಗವೂ ಕೈಕಾಲು ಮುಖಗಳಿಲ್ಲದ ಆಕಾರವೇ ಎಂಬದನ್ನು ಇಲ್ಲಿ ನೆನೆದರೆ, ಅವಯವವಿಲ್ಲದ ರೂಪದಲ್ಲಿ ಅರ್ಥವನ್ನು ಕಾಣುವದು ನಮಗೆ ಹೊಸದೆಂಬ ಮಾತು ನಿಲ್ಲಲಾರದು.

ಇಷ್ಟಾದ ಮೇಲೆ ಸೇಡಂ ರಸ್ತೆಯಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಇದು ಹೊಸ ಕಟ್ಟಡವಲ್ಲ. ಹಳೆಯ ಕಾಲದ ಗುಮ್ಮಟಗಳಲ್ಲಿಯೇ ಸಂಗ್ರಹವನ್ನು ಇಟ್ಟಿದ್ದಾರೆ. ಜಿಲ್ಲೆಯ ಬೇರೆಬೇರೆ ಊರುಗಳಿಂದ ತಂದ ಮೂರ್ತಿಗಳು, ವೀರಗಲ್ಲುಗಳು, ಶಾಸನಗಳು ಇಲ್ಲಿವೆ. ಇವೆಲ್ಲವೂ ಕಲ್ಲಿನವು. ನೋಡುತ್ತ ಹೋದಂತೆ ಒಂದು ಪ್ರಶ್ನೆಯು ಹುಟ್ಟಬೇಕು: ನಮ್ಮ ಪೂರ್ವಿಕರು ಮರದಲ್ಲಿ ಏನನ್ನೂ ಕೆತ್ತಲಿಲ್ಲವೇ?

ಕೆತ್ತಿದರು; ಹೇರಳವಾಗಿ ಕೆತ್ತಿದರು. ಆದರೆ ಮರವು ಉಳಿಯಲಿಲ್ಲ. ಗೆದ್ದಲು, ಮಳೆ, ಬೆಂಕಿ, ಈ ಮೂರೂ ಮರದ ಶತ್ರುಗಳು. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟಿ ಕಾಯುವ, ಮಳೆಗಾಲದಲ್ಲಿ ತೇವದಿಂದ ಊದಿಕೊಳ್ಳುವ ಈ ಪ್ರದೇಶದಲ್ಲಿ ಮರವು ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗಿ ಕೊನೆಗೆ ಸೀಳುವದು. ಆದುದರಿಂದ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವದನ್ನು ಮಾತ್ರ ನೋಡಿ ಹಿಂದಿನವರ ಕಲೆಯನ್ನು ಅಳೆಯಲಾಗದು. ಮಹಾರಾಷ್ಟ್ರದ ಕಾರ್ಲೆಯ ಗುಹಾಚೈತ್ಯದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮರದ ತೊಲೆಗಳು ಬಂಡೆಯ ಆಶ್ರಯದಲ್ಲಿ ಇಂದಿಗೂ ಉಳಿದಿವೆ. ಸಾಂಚಿಯ ಸ್ತೂಪದ ಸುತ್ತಲಿನ ಕಲ್ಲಿನ ಕಟಾಂಜನವನ್ನು ನೋಡಿದರೆ, ಕಂಬದ ತೂತಿನಲ್ಲಿ ಅಡ್ಡಪಟ್ಟಿಯನ್ನು ತೂರಿಸಿದ ಬಡಿಗತನದ ರೀತಿಯನ್ನೇ ಕಲ್ಲುಕುಟಿಗನು ಅನುಸರಿಸಿದ್ದು ಸ್ಪಷ್ಟವಾಗುವದು. ಕಲಬುರಗಿ ಜಿಲ್ಲೆಯಲ್ಲಿಯೇ ಭೀಮಾ ನದಿಯ ದಂಡೆಯ ಸನ್ನತಿ-ಕನಗನಹಳ್ಳಿಗಳಲ್ಲಿ, ಅಶೋಕನ ಹೆಸರನ್ನೇ ಬರೆದ ಶಿಲ್ಪವೂ ಸ್ತೂಪದ ಅವಶೇಷಗಳೂ ಬೆಳಕಿಗೆ ಬಂದಿವೆ. ಅಂಥ ಸ್ತೂಪಗಳ ಕಲ್ಲಿನ ಕೆಲಸದ ಹಿಂದೆ ಮರದ ಕೆಲಸದ ಬಹುಕಾಲದ ಅಭ್ಯಾಸವಿತ್ತು. ಕಲ್ಲು ಉಳಿಯಿತು, ಮರವು ಮಣ್ಣಾಯಿತು. ಇತಿಹಾಸವು ಉಳಿದದ್ದನ್ನೇ ಹೊಗಳಿತು.

ಇನ್ನು ಈ ಸೀಮೆಯ ನಿಸರ್ಗವನ್ನೂ ನೆನಪಿಡಬೇಕು. ಕಲಬುರಗಿಯು ಕರಿಮಣ್ಣಿನ ಬಯಲು. ಶಹಾಬಾದದ ಹಾಸುಗಲ್ಲು ಇಲ್ಲಿ ಹೇರಳ; ಬಡವನ ಮನೆಯ ನೆಲಕ್ಕೂ ಕಲ್ಲು ಸಿಕ್ಕುವದು. ಮರವು ಮಾತ್ರ ತುಟ್ಟಿ. ಹೊಲದ ಬದುವಿನ ಜಾಲಿಯೂ ಬೇವೂ ಕುಂಟೆ, ಕೂರಿಗೆ, ಬಂಡಿಗಳಿಗೆ ಸಾಲುತ್ತಿದ್ದವು. ಸಾಗವಾನಿಯನ್ನು ದೂರದಿಂದ ತರಿಸಬೇಕಾಗಿತ್ತು. ಆದಕಾರಣ ಹಳೆಯ ವಾಡೆಗಳಲ್ಲಿ ಗೋಡೆಯೆಲ್ಲ ಕಲ್ಲು-ಮಣ್ಣಿನದಾಗಿದ್ದು, ತಲೆಬಾಗಿಲು, ಪಡಸಾಲೆಯ ಕಂಬ, ಬೋದಿಗೆಗಳಲ್ಲಿ ಮಾತ್ರ ಒಳ್ಳೆಯ ಮರವಿರುತ್ತಿತ್ತು. ತುಟ್ಟಿಯಾದ ವಸ್ತುವಿನ ಮೇಲೆ ಬಡಿಗನು ತನ್ನ ಬುದ್ಧಿಯನ್ನೆಲ್ಲ ಖರ್ಚುಮಾಡಿದನು. ಬಾಗಿಲವಾಡದ ಮೇಲಿನ ಕಮಲ, ಸರಪಳಿ, ಗಿಳಿಗಳೇ ಅವನ ಪ್ರದರ್ಶನ. ಬಂದುಹೋಗುವವರೇ ಅವನ ಪ್ರೇಕ್ಷಕರು.

ಮರಕ್ಕೆ ಬಣ್ಣವು ಬರುವದು ಹಬ್ಬದಲ್ಲಿ. ಹೋಳಿಹುಣ್ಣಿಮೆಯ ತರುವಾಯ ನಡೆಯುವ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಹೊರಡುವಾಗ ಅದನ್ನು ಶಿಲ್ಪವೆಂದು ನೋಡುವವರು ಕಡಿಮೆ. ಆದರೆ ತೇರೆಂದರೇನು? ನೂರಾರು ಮರದ ತುಂಡುಗಳನ್ನು ಮೊಳೆ-ಬೆಣೆಗಳಿಂದ ಕೂಡಿಸಿ, ಕೆಳಗೆ ಗಾಲಿಯ ಭಾರವನ್ನೂ ಮೇಲೆ ಕಳಸದ ಹಗುರತನವನ್ನೂ ಸರಿತೂಗಿಸಿ, ಬಣ್ಣದ ಬಟ್ಟೆಗಳಿಂದಲೂ ಪತಾಕೆಗಳಿಂದಲೂ ಹೊದಿಸಿದ ನಡೆಯುವ ರೂಪವೇ ಅಲ್ಲವೇ? ಕಾರಹುಣ್ಣಿಮೆಯ ದಿವಸ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಕೆಂಪು ಹಳದಿಯ ವೃತ್ತಗಳನ್ನು ಒತ್ತುವ ರೈತನು, ಇದು ಯಾವದರ ಚಿತ್ರವೆಂದು ವಿಚಾರಿಸುವದಿಲ್ಲ. ಮೊಹರಮ್ಮಿನ ಡೋಲಿಗಳಲ್ಲಿ ಬಿದಿರಿಗೆ ಬಣ್ಣದ ಕಾಗದವನ್ನು ಅಂಟಿಸುವವರೂ ವಿಚಾರಿಸುವದಿಲ್ಲ. ಬಣ್ಣವು ಅಲ್ಲಿ ಸಂತೋಷದ ಭಾಷೆಯಾಗಿದೆ.

ಕನ್ನಡನಾಡಿನಲ್ಲಿ ಬಣ್ಣದ ಮರದ ಕೆಲಸವು ಕುಲವೃತ್ತಿಯಾಗಿ ಬೆಳೆದ ಸ್ಥಳಗಳೂ ಇವೆ. ಅವುಗಳಲ್ಲಿ ಮೂರನ್ನು ಇಲ್ಲಿ ಹೇಳಲೇಬೇಕು. ಕಲಬುರಗಿಯಂತೆಯೇ ಹಿಂದೆ ಹೈದರಾಬಾದು ಸಂಸ್ಥಾನದಲ್ಲಿದ್ದು ಈಗ ಕಲ್ಯಾಣ ಕರ್ನಾಟಕಕ್ಕೆ ಸೇರಿದ ಕೊಪ್ಪಳದ ಹತ್ತಿರ ಕಿನ್ನಾಳವೆಂಬ ಹಳ್ಳಿಯಿದೆ. ಅಲ್ಲಿಯ ಚಿತ್ರಗಾರ ಮನೆತನಗಳವರು ಹಗುರವಾದ ಮೆದುಮರವನ್ನು ಕೆತ್ತಿ, ಅಂಗಾಂಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಯಿಸಿ ಒಣಗಿಸಿ ಪುಡಿಮಾಡಿ, ಮರದ ಪುಡಿಯೊಡನೆ ಅದೇ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಸಂದುಗಳಿಗೆ ತುಂಬುತ್ತಾರೆ. ಆಭರಣ, ಕಿರೀಟಗಳ ಉಬ್ಬನ್ನು ಬೆಣಚುಕಲ್ಲಿನ ಪುಡಿಯ ಸರಿಯಿಂದ ಎಬ್ಬಿಸುತ್ತಾರೆ. ಮೇಲೆ ಬಿಳಿಯ ಲೇಪ, ಅದರ ಮೇಲೆ ಬಣ್ಣ. ಹೀಗೆ ಸಿದ್ಧವಾದ ಗರುಡನಲ್ಲಿಯಾಗಲಿ ಗೌರಿಯಲ್ಲಿಯಾಗಲಿ ಮರದ ಎಳೆಯು ಎಲ್ಲಿಯೂ ಕಾಣುವದಿಲ್ಲ. ಬಣ್ಣವೇ ಅದರ ಚರ್ಮ.

ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ಎರಡನೆಯವು. ಸಾಗವಾನಿಯ ಈ ತೊಟ್ಟಿಲುಗಳಿಗೆ ಅರಗಿನ ಹೊಳಪನ್ನು ಕೊಟ್ಟು, ಮನೆತನದ ನಂಬಿಗೆಗೆ ತಕ್ಕ ಚಿತ್ರಗಳನ್ನು ಬರೆಯುವದು ಅಲ್ಲಿಯ ಪದ್ಧತಿ. ಒಂದು ತೊಟ್ಟಿಲಲ್ಲಿ ಮೂರು ತಲೆಮಾರಿನವರು ಮಲಗಿದ ಮನೆಗಳು ನಮ್ಮ ವಾಚಕರಲ್ಲಿಯೂ ಇರಬಹುದು. ಮೂರನೆಯದು ಚನ್ನಪಟ್ಟಣ. ಅಲ್ಲಿ ಹಾಲೆಮರದ ಬಿಳಿಯ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಯಿಂದಲೇ ಅರಗು ಕರಗಿ ಮರಕ್ಕೆ ಅಂಟುವದು. ಅನಂತರ ಎಲೆಯಿಂದ ಉಜ್ಜಿ ಹೊಳಪನ್ನು ತರುವರು. ಚನ್ನಪಟ್ಟಣದ ಬುಗುರಿಯನ್ನಾಗಲಿ ಗಿಲಕಿಯನ್ನಾಗಲಿ ಮಗುವಿನ ಕೈಗೆ ಕೊಟ್ಟು ನೋಡಿರಿ. “ಇದು ಯಾರ ಪ್ರತಿಮೆ?” ಎಂದು ಅದು ಕೇಳುವದಿಲ್ಲ. ಕೆಂಪು ಉಂಗುರದ ಮೇಲೆ ಹಳದಿ ಉಂಗುರ, ಅದರ ಮೇಲೆ ಹಸುರು. ಇಷ್ಟರಿಂದಲೇ ಅದಕ್ಕೆ ಆನಂದ. ವಸ್ತುಸಂಗ್ರಹಾಲಯದಲ್ಲಿ “ಇದು ಏನು?” ಎಂದು ಕೇಳುವ ಮಗುವೇ ತೊಟ್ಟಿಲಲ್ಲಿದ್ದಾಗ ಆ ಪ್ರಶ್ನೆಯಿಲ್ಲದೆ ಬಣ್ಣವನ್ನೂ ಆಕಾರವನ್ನೂ ಸವಿಯುತ್ತಿತ್ತು. ಪ್ರಶ್ನೆಯನ್ನು ಕಲಿಸಿದವರು ನಾವು.

ಈಗ ಪರದೇಶದ ಕಡೆಗೆ ದೃಷ್ಟಿಯನ್ನು ಹರಿಸೋಣ. ಇಂಗ್ಲಂಡದ ಬಾರ್ಬರಾ ಹೆಪ್‌ವರ್ಥ ಎಂಬ ಮಹಿಳೆಯು 1903ರಲ್ಲಿ ವೇಕ್‌ಫೀಲ್ಡ ಎಂಬ ಊರಲ್ಲಿ ಹುಟ್ಟಿದಳು. ಆಕೆಯು ಸಮುದ್ರತೀರದ ಸೇಂಟ ಐವ್ಸ ಎಂಬ ಊರಿನಲ್ಲಿ ನೆಲೆಸಿ, 1946ರಲ್ಲಿ “ಪೆಲಾಗೋಸ” ಎಂಬ ಶಿಲ್ಪವನ್ನು ರಚಿಸಿದಳು. ಗ್ರೀಕ ಭಾಷೆಯಲ್ಲಿ ಆ ಶಬ್ದಕ್ಕೆ ಸಮುದ್ರವೆಂದು ಅರ್ಥ. ಎಲ್ಮ ಮರದ ಗುಂಡನೆಯ ದಿಮ್ಮಿಯನ್ನು ಅಲೆಯು ಸುರುಳಿಗೊಳ್ಳುವಂತೆ ಒಳಗೆ ಕೊರೆದು, ಹೊರಮೈಯಲ್ಲಿ ಮರದ ಬಣ್ಣವನ್ನೂ ಎಳೆಯನ್ನೂ ಹಾಗೆಯೇ ಬಿಟ್ಟು, ಒಳಗಿನ ಟೊಳ್ಳಿಗೆ ಮಾತ್ರ ತಿಳಿಯಾದ ಬಣ್ಣವನ್ನು ಬಳಿದು, ಎರಡು ತುದಿಗಳ ನಡುವೆ ವೀಣೆಯ ತಂತಿಗಳಂತೆ ದಾರಗಳನ್ನು ಬಿಗಿದಿದ್ದಾಳೆ. ಅದು ಸಮುದ್ರದ ಚಿತ್ರವಲ್ಲ. ಸಮುದ್ರದ ಮುಂದೆ ನಿಂತಾಗ ಎದೆಯಲ್ಲಿ ಆಗುವದರ ಆಕಾರ.

ಅಮೇರಿಕದ ಲೂಯಿಸ ನೆವೆಲ್ಸನ್ ಎಂಬಾಕೆಯ ರೀತಿಯು ಬೇರೆ. 1899ರಲ್ಲಿ ಯುಕ್ರೇನಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಅಮೇರಿಕಕ್ಕೆ ಹೋದ ಆಕೆಯ ತಂದೆಯು ಮರದ ವ್ಯಾಪಾರಿ. ಆಕೆಯು ನ್ಯೂಯಾರ್ಕಿನ ಬೀದಿಗಳಲ್ಲಿ ಜನರು ಎಸೆದ ಕುರ್ಚಿಯ ಕಾಲು, ಕಟಾಂಜನದ ಗುಂಡು, ಬಾಗಿಲಿನ ತುಂಡುಗಳನ್ನು ಆಯ್ದು ತಂದು, ಪೆಟ್ಟಿಗೆಗಳಲ್ಲಿ ಜೋಡಿಸಿ, ಎಲ್ಲಕ್ಕೂ ಒಂದೇ ಬಣ್ಣವನ್ನು ಬಳಿಯುತ್ತಿದ್ದಳು. 1958ರ ಆಕೆಯ ದೊಡ್ಡ ಕೃತಿಯೊಂದು ಗೋಡೆಯಷ್ಟು ಎತ್ತರವಾಗಿ, ಪೂರ್ತಿ ಕಪ್ಪಾಗಿ, ಗುಡಿಯ ಗೋಪುರದಂತೆ ನಿಂತಿದೆ. ಅದೇ ದೇಶದ ಜಾರ್ಜ ಶುಗರ್‌ಮನ್ ಎಂಬವನು (1912-1999) ಇದಕ್ಕೆ ವಿರುದ್ಧ. ಅವನು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಕೆತ್ತಿ, ಪ್ರತಿಯೊಂದು ಭಾಗಕ್ಕೂ ಬೇರೆಬೇರೆ ಉಜ್ವಲ ಬಣ್ಣವನ್ನು ಕೊಟ್ಟನು. ಅವನಲ್ಲಿ ಬಣ್ಣವು ಅಲಂಕಾರವಲ್ಲ. ಈ ಭಾಗವು ಇಲ್ಲಿಗೆ ಮುಗಿಯಿತು, ಇಲ್ಲಿಂದ ಇನ್ನೊಂದು ಹೊರಟಿತು ಎಂದು ಕಣ್ಣಿಗೆ ದಾರಿ ತೋರಿಸುವ ಗುರುತು.

ಇವುಗಳನ್ನು ಅರಿತ ಮೇಲೆ ಕಮಲಾಪುರದ ಹಾದಿಯನ್ನು ಹಿಡಿಯಬೇಕು. ಬೀದರದ ಕಡೆಗೆ ಹೋಗುವ ಈ ಮಾರ್ಗದಲ್ಲಿ ಊರು ದಾಟಿದ ಕೂಡಲೆ ಎರಡೂ ಕಡೆ ಕಪ್ಪು ಹೊಲಗಳು. ಮಳೆಗಾಲದ ಕೊನೆಗೆ ತೊಗರಿಯು ಎದೆಯೆತ್ತರಕ್ಕೆ ಬೆಳೆದು ಹಳದಿಯ ಹೂ ಬಿಟ್ಟಾಗ, ಕಪ್ಪು, ಹಸುರು, ಹಳದಿ ಮೂರೇ ಬಣ್ಣಗಳಲ್ಲಿ ಭೂಮಿಯು ಪಟ್ಟೆಪಟ್ಟೆಯಾಗಿ ಹಾಸಿರುವದು. ಹಿಂದೆ ಕಲಬುರಗಿ ತಾಲೂಕಿಗೆ ಸೇರಿದ್ದ ಕಮಲಾಪುರವು ಈಗ ತಾನೇ ತಾಲೂಕಿನ ಮುಖ್ಯಸ್ಥಳವಾಗಿದೆ. ಹಂಪೆಯ ಹತ್ತಿರದ ಕಮಲಾಪುರವು ಬೇರೆ, ಇದು ಬೇರೆ; ಅಲ್ಲಿಯ ಖ್ಯಾತಿಯು ಕಲ್ಲಿನಿಂದ, ಇಲ್ಲಿಯದು ಹಣ್ಣಿನಿಂದ.

ಕಮಲಾಪುರದ ಕೆಂಪು ಬಾಳೆಗೆ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ಊರಿನ ಸುತ್ತಲಿನ ತಗ್ಗಿನ ತೋಟಗಳಲ್ಲಿ ಬೆಳೆಯುವ ಈ ಬಾಳೆಯು ಫಲಕ್ಕೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಗೊಬ್ಬರ, ನೀರು, ಆರೈಕೆಗಳೂ ಹೆಚ್ಚು. ಆದುದರಿಂದ ಬೆಲೆಯೂ ಹೆಚ್ಚು. ಇದು ಶ್ರೀಮಂತರ ಹಣ್ಣೆಂದು ಜನರು ಹೇಳುವರು. ಇದರ ಸಿಪ್ಪೆಯು ಕೆಂಪು, ದಿಂಡಿನ ಮೇಲೆಯೂ ಕೆಂಪಿನ ಛಾಯೆ. ಒಳಗಿನ ತಿರುಳು ಮಾತ್ರ ಕೆನೆಯ ಬಣ್ಣದ್ದು. ಹಣ್ಣನ್ನು ಸುಲಿದು ನೋಡುವವನಿಗೆ ಹೆಪ್‌ವರ್ಥಳ ಶಿಲ್ಪದ ನೆನಪು ಬಂದರೆ ಆಶ್ಚರ್ಯವಿಲ್ಲ: ಹೊರಗೊಂದು ಬಣ್ಣ, ಒಳಗೊಂದು ಬಣ್ಣ, ಎರಡೂ ಸೇರಿ ಒಂದೇ ರೂಪ.

ಇಲ್ಲಿ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಬಾಳೆಯ ಕೆಂಪು ಅದರ ಹುಟ್ಟಿನೊಡನೆ ಬಂದದ್ದು. ಮರಕ್ಕೆ ಬಳಿದ ಕೆಂಪು ಹೊರಗಿನಿಂದ ಬಂದದ್ದು. ಮರದ ಸಹಜವಾದ ಎಳೆಯನ್ನೂ ಗಂಟನ್ನೂ ಮುಚ್ಚುವದು ಅದಕ್ಕೆ ಅಪಚಾರವಲ್ಲವೇ ಎಂದು ಕಲೆಯನ್ನು ಬಲ್ಲವರೂ ಕೇಳುವದುಂಟು. ಇದು ಹಗುರವಾದ ಮಾತಲ್ಲ. ಒಳ್ಳೆಯ ಬೀಟೆಯ ಹಲಗೆಗೆ ಎಣ್ಣೆಬಣ್ಣವನ್ನು ಬಳಿದುದನ್ನು ಕಂಡರೆ ಯಾವ ಬಡಿಗನ ಮನಸ್ಸೂ ನೋಯುವದು. ಆದರೆ ಇದಕ್ಕೆ ಕಿನ್ನಾಳದವರ ಕೆಲಸವೇ ಉತ್ತರವಾಗಿದೆ. ಅವರು ಬಣ್ಣಕ್ಕಾಗಿ ಸಾದಾ ಮೆದುಮರವನ್ನೇ ಆಯುವರು. ಬೆಲೆಯುಳ್ಳ ಮರವನ್ನು ಮುಚ್ಚುವದಿಲ್ಲ. ಅಲ್ಲಿ ಬಣ್ಣವು ಮರದ ಬಡತನವನ್ನು ಕಳೆಯುವದು, ಹುಳುವಿನಿಂದಲೂ ತೇವದಿಂದಲೂ ಅದನ್ನು ಕಾಯುವದು, ಅಂಟಿಸಿದ ಸಂದುಗಳನ್ನು ಒಂದಾಗಿಸುವದು. ಹೆಪ್‌ವರ್ಥಳೋ ಒಳ್ಳೆಯ ಮರದ ಹೊರಮೈಯನ್ನು ಬಿಟ್ಟು ಟೊಳ್ಳಿಗಷ್ಟೇ ಬಣ್ಣ ಕೊಟ್ಟಳು. ಆದುದರಿಂದ ಬಣ್ಣವು ಬೇಕೇ ಬೇಡವೇ ಎಂಬದಕ್ಕಿಂತ, ಬಣ್ಣವು ಆ ರೂಪಕ್ಕೆ ಏನು ಕೆಲಸ ಮಾಡಿದೆಯೆಂಬದೇ ಸರಿಯಾದ ಪ್ರಶ್ನೆ. ಪ್ರದರ್ಶನದಲ್ಲಿ ಬಣ್ಣದ ಮರದ ಮುಂದೆ ನಿಂತ ಗೃಹಸ್ಥನು ಇದೊಂದನ್ನು ಕೇಳಿಕೊಂಡರೆ ಅರ್ಧ ದಾರಿಯು ಸವೆದಂತೆಯೇ. ಇನ್ನರ್ಧಕ್ಕೆ ಅವನು ಶಿಲ್ಪದ ಸುತ್ತಲೂ ಒಂದು ಪ್ರದಕ್ಷಿಣೆ ಬರಬೇಕು. ಶಿಲ್ಪವು ಚಿತ್ರದಂತೆ ಒಂದೇ ಮುಖದ್ದಲ್ಲ. ಗುಡಿಯನ್ನು ಹೇಗೆ ಸುತ್ತುವೆವೋ ಹಾಗೆ ಅದನ್ನೂ ಸುತ್ತಿ ನೋಡಬೇಕು. ಎಲ್ಲಿ ಬೆಳಕು ಒಳಗೆ ಹೋಗುವದು, ಎಲ್ಲಿ ಭಾರವು ಕೂತಿದೆ, ಯಾವ ಬಣ್ಣವು ಮುಂದೆ ಬರುವದು, ಯಾವದು ಹಿಂದೆ ಸರಿಯುವದು ಎಂದು ಕಾಣಬೇಕು. “ಇದು ಏನು?” ಎಂದು ಮಗುವು ಕೇಳಿದರೆ, “ನಿನಗೆ ಇದರಲ್ಲಿ ಯಾವ ಭಾಗವು ಸೇರಿತು?” ಎಂದು ತಿರುಗಿ ಕೇಳಬಹುದು.

ಇದೆಲ್ಲ ಬರಿಯ ರಸಿಕತೆಯ ಮಾತೆಂದು ವಾಚಕರು ತಿಳಿಯಬಾರದು. ಇದರಲ್ಲಿ ಕೆಲವು ಮನೆತನಗಳ ಅನ್ನದ ಪ್ರಶ್ನೆಯೂ ಇದೆ. ಕಬ್ಬಿಣದ ಕುಂಟೆಯೂ ರಬ್ಬರಿನ ಗಾಲಿಯೂ ಬಂದ ಮೇಲೆ ಹಳ್ಳಿಯ ಬಡಿಗನ ಬಂಡಿಯ ಕೆಲಸವು ಹೋಯಿತು. ಪ್ಲಾಸ್ಟಿಕ್ಕಿನ ಆಟಿಗೆಯು ಬಂದ ಮೇಲೆ ಮರದ ಆಟಿಗೆಯು ಹಿಂದೆ ಬಿದ್ದಿತು. ಕಿನ್ನಾಳದಲ್ಲಿಯೂ ಕಲಘಟಗಿಯಲ್ಲಿಯೂ ಕೆಲಸವನ್ನು ಮುಂದುವರಿಸಿದ ಮನೆತನಗಳು ಕೆಲವೇ. ಹಳೆಯ ವಾಡೆಗಳನ್ನು ಕೆಡವುವಾಗ ಕೆತ್ತನೆಯ ಬಾಗಿಲುಗಳು ಪಟ್ಟಣದ ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲಾಗುತ್ತವೆ, ಇಲ್ಲವೆ ನೀರೊಲೆಯ ಪಾಲಾಗುತ್ತವೆ. ಬಾಚಿ, ಉಳಿ, ಕೊಡತಿಗಳನ್ನು ಹಿಡಿಯಬಲ್ಲ ಕೈಗಳು ಇನ್ನೂ ಈ ಸೀಮೆಯಲ್ಲಿ ಇವೆ. ಆ ಕೈಗಳಿಗೆ ಹೊಸ ಕೆಲಸವೇನೆಂಬದೇ ಪ್ರಶ್ನೆ. ತುಂಡು ಹಲಗೆಗಳನ್ನು ಅಂಟಿಸಿ ದೊಡ್ಡ ಶಿಲ್ಪವನ್ನು ಮಾಡಿದ ಶುಗರ್‌ಮನ್ನನ ರೀತಿಯೂ, ಎಸೆದ ಮರವನ್ನು ಆಯ್ದು ಗೋಪುರವನ್ನು ಕಟ್ಟಿದ ನೆವೆಲ್ಸನ್ನಳ ರೀತಿಯೂ ಮರವು ತುಟ್ಟಿಯಾದ ಈ ಬಯಲುಸೀಮೆಗೆ ಹೇಳಿಮಾಡಿಸಿದಂತಿವೆ.

ಈ ಊರಿನಲ್ಲಿ ಕಲಾವಿದರು ಹುಟ್ಟುವದಿಲ್ಲವೆಂಬ ಮಾತಂತೂ ಇಲ್ಲ. ಪ್ರಸಿದ್ಧ ಚಿತ್ರಕಾರರಾದ ಎಸ್. ಎಂ. ಪಂಡಿತರು 1916ರಲ್ಲಿ ಹುಟ್ಟಿದ್ದು ಕಲಬುರಗಿಯಲ್ಲಿಯೇ. ಅವರು ಮುಂಬಯಿಗೆ ಹೋಗಿ ಸಿನೆಮಾದ ಚಿತ್ರಪಟಗಳಿಂದಲೂ ಪುರಾಣದ ಚಿತ್ರಗಳಿಂದಲೂ ಹೆಸರು ಗಳಿಸಿದರು. ಅವರ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ಭಾರತದ ಮನೆಮನೆಯ ಗೋಡೆಗಳನ್ನು ಮುಟ್ಟಿದವು. 1993ರಲ್ಲಿ ಅವರು ತೀರಿಕೊಂಡರು. ಇಂದು ಊರಿನ ರಂಗಮಂದಿರಕ್ಕೆ ಅವರ ಹೆಸರಿದೆ, ಊರಿನಲ್ಲಿ ಚಿತ್ರಕಲೆಯನ್ನು ಕಲಿಸುವ ಶಾಲೆಗಳೂ ಇವೆ. ಆದರೆ ಅನ್ನಕ್ಕಾಗಿಯೂ ಕೀರ್ತಿಗಾಗಿಯೂ ಕಲಾವಿದನು ಮುಂಬಯಿ ಬೆಂಗಳೂರುಗಳ ಹಾದಿಯನ್ನೇ ಹಿಡಿಯುವದು ತಪ್ಪಿಲ್ಲ. ಹೆಪ್‌ವರ್ಥಳು ಹುಟ್ಟಿದ ವೇಕ್‌ಫೀಲ್ಡವೂ ಗಣಿ-ಗಿರಣಿಗಳ ಊರೇ. ಆಕೆಯು 1975ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2011ರಲ್ಲಿ, ಆ ಊರು ಆಕೆಯ ಹೆಸರಿನಿಂದಲೇ ಒಂದು ಕಲಾಸಂಗ್ರಹಾಲಯವನ್ನು ತೆರೆಯಿತು. ಕಲ್ಲಿನ ಮೂರ್ತಿಗಳಿಗೆ ಗುಮ್ಮಟದಲ್ಲಿ ಎಡೆ ಮಾಡಿಕೊಟ್ಟ ಕಲಬುರಗಿಯು ಬಣ್ಣದ ಮರಕ್ಕೂ, ಇಂದಿನ ಶಿಲ್ಪಿಗಳ ಕೆಲಸಕ್ಕೂ ನಿತ್ಯವಾದ ಒಂದು ಕೋಣೆಯನ್ನು ಕೊಟ್ಟರೆ ಅತಿಯಾದದ್ದೇನೂ ಆಗಲಾರದು.

ಅದು ಸರಕಾರದ ಮಾತಾಯಿತು. ಗೃಹಸ್ಥರ ಕೈಯಲ್ಲಿರುವದೂ ಕೆಲವುಂಟು. ಮನೆಯನ್ನು ಹೊಸದಾಗಿ ಕಟ್ಟಿಸುವಾಗ ಹಳೆಯ ಬಾಗಿಲವಾಡವನ್ನು ಮಾರದೆ ಹೊಸ ಗೋಡೆಯಲ್ಲಿ ಕೂಡಿಸಬಹುದು. ಮೊಮ್ಮಗುವಿಗೆ ತೊಟ್ಟಿಲು ಬೇಕಾದಾಗ ಅಟ್ಟದ ಮೇಲಿನದನ್ನು ಇಳಿಸಿ, ಚಿತ್ರಗಾರನಿಂದ ಬಣ್ಣ ಹಾಕಿಸಬಹುದು. ಜಾತ್ರೆಯಲ್ಲಿ ಮಗುವಿಗೆ ಕೊಡಿಸುವ ಒಂದು ಆಟಿಗೆಯಾದರೂ ಮರದ್ದಾಗಿರಲಿ. ಊರಿನ ಶಾಲೆಯ ದೊಡ್ಡ ಕೋಣೆಯಲ್ಲಿ ವರ್ಷಕ್ಕೊಮ್ಮೆ ಅಲ್ಲಿಯ ಬಡಿಗರ, ಚಿತ್ರಗಾರರ, ಕಲಾವಿದ್ಯಾರ್ಥಿಗಳ ಕೆಲಸವನ್ನು ಇಡಿಸಲು ಹೆಚ್ಚಿನ ಖರ್ಚು ಬೇಕಾಗಿಲ್ಲ, ನಾಲ್ಕು ಜನ ಹಿರಿಯರ ಮನಸ್ಸು ಬೇಕು.

ಪ್ರವಾಸದ ವೇಳೆಯ ಬಗ್ಗೆ ಒಂದು ಮಾತನ್ನು ಹೇಳಿ ಮುಗಿಸುತ್ತೇವೆ. ಬೇಸಿಗೆಯ ಕಲಬುರಗಿಯು ಹೊರಗಿನವರಿಗೆ ತಡೆಯಲಾರದಷ್ಟು ಕಾಯುವದು. ದಸರೆಯಿಂದ ಶಿವರಾತ್ರಿಯ ವರೆಗಿನ ಕಾಲವೇ ಉತ್ತಮ. ಬೆಳಗಿನಲ್ಲಿ ಕೋಟೆಯನ್ನೂ ಹಫ್ತ ಗುಮ್ಮಟವನ್ನೂ, ಬಿಸಿಲೇರಿದ ಮೇಲೆ ವಸ್ತುಸಂಗ್ರಹಾಲಯವನ್ನೂ ನೋಡಿ, ಗುಡಿ-ದರ್ಗಾಗಳ ದರ್ಶನವನ್ನು ಸಂಜೆಗೆ ಇಟ್ಟುಕೊಂಡು, ಮರುದಿನ ಕಮಲಾಪುರಕ್ಕೆ ಹೋಗಿಬರಬಹುದು. ಬರುವಾಗ ಕೆಂಪು ಬಾಳೆಯ ಒಂದು ಚಿಪ್ಪನ್ನು ತರುವದನ್ನು ಮರೆಯಬಾರದು. ಮನೆಯವರೆಲ್ಲರೂ ಸುತ್ತಲೂ ಕುಳಿತು, ಮೊದಲು ಕಣ್ಣಿನಿಂದಲೂ ಆಮೇಲೆ ನಾಲಗೆಯಿಂದಲೂ ಅದನ್ನು ಸವಿಯಲಿ.